ವಾಣಿಗೆಂದು ಮಾಡಿದ ಪೆಟ್ಟಿಗೆ

ದೊಡ್ಡಬಳ್ಳಾಪುರದಲ್ಲಿ ಯಾರ ಮಗ್ಗ ಕೆಟ್ಟು ನಿಂತರೂ ಕರೆ ಹೋಗ್ತಿದ್ದದ್ದು ಸಂಜೀವಪ್ಪನಿಗೆ. ಬಾಯಿ ಬಲು ಜೋರು, ಕೈ ಮಾತ್ರ ಬಂಗಾರ. ಅಂಥವನ ಮನೇಲೇ ಮಗಳು ವಾಣಿಯ ಚೊಚ್ಚಲ ಕೂಸು ಏಳು ತಿಂಗಳಿಗೇ ಹುಟ್ಟಿ, ಮೈ ತಣ್ಣಗಾಗಿ ಹೋಗಿಬಿಟ್ಟಿತು. ಬೆಚ್ಚಗಿಟ್ಟಿದ್ದರೆ ಉಳೀತಿತ್ತು ಅಂದರು ಡಾಕ್ಟರು. ಆ ಮಾತು ಅವನ ಎದೇಲಿ ಮುಳ್ಳಾಗಿ ಕೂತಿತು.

ತೊಂಬತ್ಮೂರರಲ್ಲಿ ವಾಣಿ ಮತ್ತೆ ಬಸುರಿ. ಸಂಜೀವಪ್ಪ ಪಕ್ಕದ ವಿಜಯಪುರಕ್ಕೆ ಹೋಗಿ, ರೇಷ್ಮೆ ಮೊಟ್ಟೆಗೆ ಶಾಖ ಕೊಡೋ ಕೋಣೆ ನೋಡ್ಕೊಂಡು ಬಂದ. ಅದೇ ಥರ ಕೂಸನ್ನ ಬೆಚ್ಚಗಿಡೋಕೆ ತಾನೇ ಒಂದು ಮಾಡಿದ: ಪ್ಲೈವುಡ್ ಪೆಟ್ಟಿಗೆ, ಗಾಜಿನ ಮುಚ್ಚಳ, ಒಳಗೆ ಬಲ್ಬು, ಶಾಖ ಹೆಚ್ಚಾದರೆ ಬಲ್ಬು ತಾನೇ ಆರೋ ಏರ್ಪಾಡು. ನಮ್ಮೂರ ಕರೆಂಟಿನ ಕಥೆ ಗೊತ್ತಲ್ಲ, ಅದು ಹೋದರೆ ಬಿಸಿನೀರಿನ ಬಾಟಲಿ ಇಡೋಕೆ ತಳದಲ್ಲೊಂದು ಖಾನೆ. ಎಷ್ಟು ಸಲ ಬಿಚ್ಚಿ ಜೋಡಿಸಿದನೋ, ಲೆಕ್ಕ ಇಟ್ಟವರಿಲ್ಲ.

ಹೆಂಡತಿ ಕದಿರಮ್ಮ ಅದನ್ನ ನೋಡಿ ಹೌಹಾರಿದಳು. ಕೂಸು ಹುಟ್ಟೋ ಮುಂಚೆ ಮನೇಲಿ ಖಾಲಿ ತೊಟ್ಟಿಲು ಇಡ್ತಾರೇನ್ರೀ, ಒಂದು ಹೋಗಿದ್ದು ಸಾಲದಾ ಅಂತ ಅತ್ತು ಊಟ ಬಿಟ್ಟಳು. ಇದು ತೊಟ್ಟಿಲಲ್ಲ ಕಣೇ, ಮಿಷನ್ನು ಅಂತ ರೇಗಾಡಿ ಸುಸ್ತಾದ ಸಂಜೀವಪ್ಪ, ಕೊನೆಗೆ ಅದನ್ನ ಹೆರಿಗೆ ಆಸ್ಪತ್ರೇಲಿ ಇಟ್ಟು ಬಂದ. ವಾಣಿಯ ಹೆರಿಗೆ ಅಲ್ಲೇ ತಾನೆ ಆಗೋದು. ಅಲ್ಲೀವರೆಗೂ ಬೇಕಾದವರಿಗೆ ಬಳಸ್ಕೊಳ್ಳಿ ಅಂತ ನರ್ಸಮ್ಮನಿಗೆ ಹೇಳಿದ್ದೂ ಅವನೇ.

ಈ ಸಲವೂ ದಿನ ತುಂಬೋ ಮುಂಚೆ ನೋವು ಬಂತು. ಕೂಸು ಅಂಗೈಯಗಲ, ಆದರೂ ಅಳ್ತಿತ್ತು. ಸಂಜೀವಪ್ಪ ಪೆಟ್ಟಿಗೆ ಹತ್ತಿರ ಓಡಿದ. ಒಳಗೆ ಕೂಲಿಗೆ ಹೋಗೋ ಲಕ್ಕಮ್ಮನ ಕೂಸು ಮಲಗಿತ್ತು. ಇದನ್ನೂ ಪಕ್ಕದಲ್ಲೇ ಮಲಗಿಸಿ ಅಂದ. ಅದಕ್ಕೆ ಸೋಂಕಿದೆ, ಇದಕ್ಕೂ ತಗುಲುತ್ತೆ ಅಂದರು ನರ್ಸಮ್ಮ. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಪೆಟ್ಟಿಗೆ ನಿಮ್ಮದು ಸಂಜೀವಪ್ಪನೋರೇ. ಆ ಕೂಸನ್ನ ಎತ್ತಲಾ?"

ಅವನ ಕೈ ಮುಚ್ಚಳದ ಮೇಲಿತ್ತು. ಲಕ್ಕಮ್ಮ ಗೋಡೆಗೊರಗಿ ನೆಲದಲ್ಲಿ ಕೂತು ಅವನನ್ನೇ ನೋಡ್ತಿದ್ದಳು. ಅವನು ಕೈ ತೆಗೆದ. ಮೊಮ್ಮಗೂನ ಹತ್ತೀಲಿ ಸುತ್ತಿ, ಎದೆಗವಚಿಕೊಂಡು ಜೀಪಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟ. ಅರ್ಧ ದಾರೀಲಿ ರಾಜಾನುಕುಂಟೆ ದಾಟೋದರೊಳಗೆ ಅಳು ನಿಂತಿತ್ತು, ಮೈ ತಣ್ಣಗಾಗಿತ್ತು. ಅಯ್ಯೋ, ಮಗ್ಗದ ಸದ್ದಿಗೂ ಮೀರಿ ಕೂಗಾಡೋ ಮನುಷ್ಯ, ಅವತ್ತು ಡ್ರೈವರಿಗೆ ಗಾಡಿ ತಿರುಗಿಸಪ್ಪ ಅನ್ನೋಕೂ ಬಾಯಿ ಬರಲಿಲ್ಲ.

ಮನೆಗೆ ಬಂದ ಮೇಲೆ ವಾಣಿ ಕೇಳಿದ್ದು ಒಂದೇ.

"ಅಪ್ಪಾ, ಆ ಪೆಟ್ಟಿಗೇನ ನನಗೇಂತ ಮಾಡಿದ್ದಲ್ವಾ?"

ಕದಿರಮ್ಮ, ಪೆಟ್ಟಿಗೇನ ಹೊರಗೆ ಕಳಿಸಿದೋಳು ನಾನೇ ಅಂತ ಹಣೆ ಹಣೆ ಚಚ್ಚಿಕೊಂಡಳು. ಅವಳಿಗೆ ಸಂಜೀವಪ್ಪ ಯಾವತ್ತೂ ಒಂದು ಮಾತು ಅನ್ನಲಿಲ್ಲ, ಅದೇ ಅವಳಿಗೆ ತಡೆಯೋಕಾಗ್ತಿರಲಿಲ್ಲ.

ವಾಣಿಗೆ ಇನ್ನು ಬಸಿರು ಬೇಡ, ಜೀವಕ್ಕೇ ಅಪಾಯ ಅಂದಿದ್ದರು ಡಾಕ್ಟರು. ಆದರೂ ಸಂಜೀವಪ್ಪ ಇನ್ನೊಂದು ಪೆಟ್ಟಿಗೆ ಮಾಡಿದ, ನಡುಮನೇಲೇ ಇಟ್ಟುಕೊಂಡ. ಕದಿರಮ್ಮ ಈ ಸಲ ತನ್ನ ಹಳೇ ಸೀರೆ ಮಡಿಸಿ ಒಳಗೆ ಹಾಸಿದಳು. ಖಾಲಿ ಪೆಟ್ಟಿಗೆ ತಿಂಗಳುಗಟ್ಟಲೆ ಅಲ್ಲೇ ಇತ್ತು.

ಒಂದು ಬೆಳಿಗ್ಗೆ ವಾಣಿ ಅದರ ಗಾಜು ಒರೆಸ್ತಾ ಅಂದಳು, "ಇದನ್ನೂ ಆಸ್ಪತ್ರೆಗೆ ಕೊಟ್ಟುಬಿಡಪ್ಪ. ಒಂದೇ ಇದ್ದದ್ದಕ್ಕೆ ತಾನೇ ನನಗೆ ಹಂಗಾಗಿದ್ದು."

ಸಂಜೀವಪ್ಪ ಪೆಟ್ಟಿಗೇನ ಸೈಕಲ್ಲಿನ ಹಿಂದೆ ಕಟ್ಟಿದ. ಸೀರೆ ತೆಗೀಲಾ ಅಂತ ಕೇಳಿದ. ಇರಲಿ ಬಿಡಿ ಅಂದಳು ಕದಿರಮ್ಮ.