ಡೆಲ್ಮರನ ಬಲಗೈ

ನಮ್ಮ ಮೊಂಟಾನಾ ಕಣಿವೆಯ ಕುದುರೆಗಳಿಗೆಲ್ಲ ಲಾಳ ಹೊಡೆಯುತ್ತಿದ್ದವನು ಡೆಲ್ಮರ್ ಯೋಕಮ್. ಎಂಥ ಪುಂಡ ಕುದುರೆಯೂ ಅವನ ಕೈಗೆ ಕಾಲು ಕೊಟ್ಟು ಸುಮ್ಮನೆ ನಿಲ್ಲುತ್ತಿತ್ತು. ಅಂಥ ಕೈಯನ್ನು ಶನಿವಾರ ಬಂತೆಂದರೆ ನಮ್ಮ ರಿವಾಲ್ವರ್ ಗುಂಡು ಹೊಡೆಯುವ ಮೈದಾನಕ್ಕೆ ತಂದು ಹಾಳುಮಾಡಿಕೊಳ್ಳುತ್ತಿದ್ದ. ಮೈದಾನದ ಉಸ್ತುವಾರಿ ನನ್ನದು. ನಾನೂ ಗುಂಡು ಹೊಡೆಯುವವಳೇ. ಆದರೆ ಈ ಗಂಡಸರು ಮ್ಯಾಗ್ನಮ್ ಅನ್ನೋ ಭಾರಿ ರಿವಾಲ್ವರುಗಳ ಪುರಾಣ ಶುರುಮಾಡಿದರೆ ಕಿವಿ ಮುಚ್ಚಿಕೊಳ್ಳುತ್ತೇನೆ.

ಒಬ್ಬ ತನ್ನದು ಮುನ್ನೂರೈವತ್ತೇಳರ ಅಳತೆಯ ಗುಂಡು ಅಂದರೆ ಇನ್ನೊಬ್ಬ, "ಅದು ನಮ್ಮಜ್ಜಿ ಪರ್ಸಲ್ಲಿ ಇಟ್ಕೊಳ್ಳೋದು ಕಣೋ" ಅನ್ನುತ್ತಾನೆ. ನಲವತ್ತನಾಲ್ಕು, ಅಂಕಿ ಚಿಕ್ಕದಾದರೂ ಗುಂಡು ದೊಡ್ಡದು, ಹಾರಿಸಿದರೆ ಅದಕ್ಕಿಂತ ಜೋರಾಗಿ ಕೈಗೆ ಒದೆಯುತ್ತದೆ. ಐನೂರಂತೂ ಕತ್ತೆ ಒದ್ದ ಹಾಗೆ. ಒದೆ ಜಾಸ್ತಿಯಾದಷ್ಟೂ ಇವರು ಮೀಸೆ ತಿರುವುತ್ತಾರೆ. ಯಾಕ್ರಪ್ಪಾ ಅಂದರೆ ಕರಡಿ ಬಂದರೆ ಬೇಕಂತೆ! ಕರಡಿ ಇವರ ಬಡಾಯಿ ಕೇಳಿಯೇ ಓಡಿಹೋದೀತು.

ಆ ಐನೂರರ ಗುಂಡು ಹೊಡೆದೂ ಹೊಡೆದೂ ಡೆಲ್ಮರನ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತ್ತು. ಡಾಕ್ಟರು ತಿರುಪು ಹಾಕಿ ಕೂಡಿಸಿ, ಇನ್ನೊಂದು ದೊಡ್ಡ ಏಟು ಬಿದ್ದರೆ ಸುತ್ತಿಗೆ ಹಿಡಿಯುವುದನ್ನು ಮರೆತುಬಿಡು ಎಂದಿದ್ದರು. ಅದಕ್ಕೇ ಹೆಂಡತಿ ನೊರೀನ್ ಕಾವಲಿಗೆ ಜೊತೆಯಲ್ಲೇ ಬರುತ್ತಿದ್ದಳು. ಸಣ್ಣ ಮೂವತ್ತೆಂಟರ ಗುಂಡು ಮಾತ್ರ ಹೊಡೆಯುವುದೆಂದು ಅವಳ ಮುಂದೆ ಅವನು ಒಪ್ಪಿಕೊಂಡಿದ್ದ.

ಅವತ್ತು ಅವಳು ಕಾಫಿ ತರಲು ಮೈದಾನದ ಪಕ್ಕದ ಕೋಣೆಯೊಳಗೆ ಹೋಗಿದ್ದಳು. ಗೆಳೆಯ ವರ್ನ್ ಸ್ಕ್ಯಾಗ್ಸ್, "ಕೊಡು, ನಾನೇ ತುಂಬಿಸ್ತೀನಿ" ಎಂದು ಡೆಲ್ಮರನ ರಿವಾಲ್ವರ್ ಇಸಿದುಕೊಂಡು, ಆ ಕಡೆ ತಿರುಗಿ ಗುಂಡು ತುಂಬಿ, ಗುಂಡು ಕೂರುವ ಮನೆಗಳಲ್ಲಿ ಒಂದನ್ನು ಮಾತ್ರ ಖಾಲಿ ಬಿಟ್ಟ. ಕೈ ಬೆಚ್ಚುವವನನ್ನು ಹಿಡಿಯಲು ನಮ್ಮಲ್ಲಿ ಹಳೆಯ ಉಪಾಯ ಅದು. ಎರಡು ಗುಂಡು ಹಾರಿದವು. ಮೂರನೆಯ ಸಲ ಬರೀ ಟಕ್ ಎಂದಿತು. ಆದರೂ ಒದೆತಕ್ಕೆ ಮೊದಲೇ ಹೆದರಿದ ಕೈ ನಳಿಕೆಯನ್ನು ನೆಲಕ್ಕೆ ಬಗ್ಗಿಸಿತ್ತು.

"ಅಯ್ಯೋ, ಮೂವತ್ತೆಂಟಕ್ಕೇ ನಮಸ್ಕಾರ ಹಾಕ್ತಾನಲ್ರೋ!" ಎಂದು ವರ್ನ್ ತೊಡೆ ತಟ್ಟಿಕೊಂಡ. "ಲಾಳಾನೂ ನೊರೀನೇ ಹೊಡೀತಾಳೇನೋ?"

ಎಲ್ಲರೂ ಹೋ ಎಂದು ನಕ್ಕರು. ಡೆಲ್ಮರ್ ಕೆಂಪಗಾಗಿ, ವರ್ನ್‌ನ ಮೇಜಿನ ಮೇಲಿದ್ದ ಐನೂರನ್ನು ಎತ್ತಿಕೊಂಡ.

"ಕೆಳಗಿಡೋ, ಕೈ ಹೋಗುತ್ತೆ!" ನಾನು ಕಿರುಚಿದೆ.

ಹೊಡೆದೇಬಿಟ್ಟ. ರಿವಾಲ್ವರ್ ಕೈಜಾರಿ ಬಿತ್ತು. ಅವನು ಮಣಿಕಟ್ಟು ಹಿಡಿದು ಮಂಡಿಯೂರಿದ. ನೊರೀನ್ ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಸುತ್ತಿಗೆಯ ಕಾಲ ಮುಗಿಯಿತು ಎಂದರು ಡಾಕ್ಟರು. ಕೈಗೆ ಪಟ್ಟಿ ಕಟ್ಟಿಕೊಂಡೇ ಮತ್ತೆ ಒಂದು ಶನಿವಾರ ಅವನು ಬಂದು ಬೆಂಚಿನ ಮೇಲೆ ಕೂತ. ನೊರೀನ್ ಬಗ್ಗಿ ಅವನ ಬೂಟಿನ ದಾರ ಕಟ್ಟುತ್ತಿದ್ದಳು. ಥೂ, ಒಬ್ಬನಾದರೂ ಹೇಗಿದ್ದೀಯಪ್ಪಾ ಅಂತ ಕೇಳಬೇಕಲ್ಲ! ಮೂಳೆ ಮುರಿದದ್ದು ಐನೂರರಲ್ಲೇ ಭಾರದ ಗುಂಡೋ ಹಗುರದ್ದೋ ಎಂದು ಎಲ್ಲರೂ ಜಗಳವಾಡುತ್ತಿದ್ದರು.

"ಭಾರದ್ದೇ ಕಣ್ರೋ," ಎಂದ ಡೆಲ್ಮರ್, ಎದೆಯುಬ್ಬಿಸಿ. "ಹಗುರದ್ದಕ್ಕೆ ಮುರಿಯೋ ಕೈಯಲ್ಲ ಇದು."

ನೊರೀನ್ ದಾರವನ್ನು ಅರ್ಧಕ್ಕೇ ಬಿಟ್ಟು ಎದ್ದಳು. "ಉಳಿದದ್ದನ್ನ ಇವ್ರ ಕೈಲೇ ಕಟ್ಟಿಸ್ಕೊ," ಎಂದು ಕಾರು ಹತ್ತಿ ಹೊರಟೇಹೋದಳು.

ಯಾರೂ ಬಗ್ಗಲಿಲ್ಲ. ಅವನು ಬಿಚ್ಚಿಕೊಂಡಿದ್ದ ದಾರವನ್ನೇ ನೋಡುತ್ತಾ ಕೂತ.

"ಐನೂರು ಒದ್ದಾಗ ನಳಿಕೆ ಎಷ್ಟೆತ್ತರ ಹೋಯ್ತೋ ಅವತ್ತು?" ವರ್ನ್ ಕೇಳಿದ.

ಡೆಲ್ಮರ್ ಎಡಗೈ ಎತ್ತಿ ತೋರಿಸತೊಡಗಿದ.