ಒಂದು ದಮ್ಮಿನ ದೂರ

ಥಪ್. ಹಳ್ಳದ ಕಲ್ಲಿನ ಮೇಲೆ ಹೊನ್ನಿ ಬಟ್ಟೆ ಬಡಿದ ಸದ್ದು ನೀರುಳ್ಳಿ ಗದ್ದೆ ದಾಟಿ ಮನೆಯಂಗಳದಲ್ಲಿದ್ದ ಹಮ್ಮ ಗೌಡನನ್ನು ಮುಟ್ಟುವಷ್ಟರಲ್ಲಿ ಅವಳ ಕೈ ಮತ್ತೆ ಮೇಲೆದ್ದಿರುತ್ತಿತ್ತು. ಕಣ್ಣು ಮೊದಲು, ಕಿವಿ ಆಮೇಲೆ. ಹೆಂಡತಿ ಬಟ್ಟೆ ಒಗೆಯುವುದನ್ನು ನೋಡಿ ಕಲಿತ ಪಾಠವನ್ನು ಅವನು ಸಿಡಿಲಿಗೂ ಹಚ್ಚಿದ್ದ.

ಕುಮಟಾದಿಂದ ಭಟ್ಕಳದವರೆಗೆ ಕಬಡ್ಡಿಗೆ ರೆಫ್ರಿ ಬೇಕೆಂದರೆ ಹಮ್ಮನಿಗೇ ಹೇಳಿಕಳಿಸುತ್ತಿದ್ದರು. ಮಿಂಚಿದ ಕೂಡಲೇ ಅವನು ಉಸಿರು ಕಟ್ಟಿ 'ಕಬಡ್ಡಿ ಕಬಡ್ಡಿ' ಎನ್ನಲು ತೊಡಗುವನು. ದಮ್ಮು ಮುಗಿಯುವ ಮೊದಲೇ ಗುಡುಗಿದರೆ ಸಿಡಿಲು ಹತ್ತಿರ, ಆಟ ಬಂದ್. ತಾನು ತಂಡದ ನಾಯಕನಾಗಿದ್ದಾಗ ಗುಡುಗುತ್ತಿದ್ದ ಒಂದು ಸಂಜೆ 'ಇನ್ನೊಂದು ರೈಡು' ಎಂದು ಆಡಿಸಿದ್ದ. ಸಿಡಿಲಿಗೆ ಪಕ್ಕದ ತೆಂಗಿನಮರ ಸೀಳಿತು; ಜೊತೆಗಾರ ಈರನ ಎಡಗಿವಿ ಅಂದೇ ಹೋಯಿತು. ಅಂದಿನಿಂದ ಹಮ್ಮ ನಡೆಯುವುದು ಈರನ ಬಲಕ್ಕೆ.

ಎರಡು ಸಾವಿರದ ಮೂರರ ಮೇ ತಿಂಗಳು, ಹೊನ್ನಾವರದ ಶಾಲೆ ಮೈದಾನದಲ್ಲಿ ಫೈನಲ್. ಮಾವಿನಕುರ್ವೆ ತಂಡ ಒಂದು ಪಾಯಿಂಟು ಹಿಂದೆ. ಉಳಿದದ್ದು ಪ್ರವೀಣನ ಕೊನೆಯ ರೈಡು. ಗೇರುಸೊಪ್ಪೆಯ ಕಡೆ ಮಿಂಚಿತು. ಹಮ್ಮನ ತುಟಿ ಅಲುಗಿತು. ಅರ್ಧ ದಮ್ಮಿಗೇ ಗುಡುಗು. ಸೀಟಿ ಊದಿದ.

"ಎಲ್ಲಾ ಶಾಲೆಯೊಳಗೆ ನಡೀರಿ!"

ಪಂದ್ಯ ನಡೆಸುತ್ತಿದ್ದ ಮೋಹನ ನಾಯ್ಕ ಓಡಿಬಂದ. "ಎಂತ ಮಾರಾಯ ಇದು! ಅತಿಥಿಗಳು ಐದಕ್ಕೆ ಹೊರಡ್ತಾರೆ. ಒಂದು ಹನಿ ಮಳೆ ಇಲ್ಲ!"

"ನಾನು ಊದಿದ್ದು ಮಳೆಗಲ್ಲ."

"ನಿನ್ನ ದಮ್ಮು ರೈಲಿನಷ್ಟು ಉದ್ದ. ಅದರಲ್ಲಿ ಅಳೆದ್ರೆ ಚೌತಿ ತನಕ ಆಟ ಇಲ್ಲ!" ಜನ ನಕ್ಕರು. ಮೋಹನ ಕೈ ಚಾಚಿದ. "ಸೀಟಿ ಕೊಡು. ಬೇರೆಯವ್ರು ಊದ್ತಾರೆ."

ಹಮ್ಮ ಕೊರಳಿಂದ ಸೀಟಿ ತೆಗೆದು ಕೊಟ್ಟೇಬಿಟ್ಟ. ಆಟಗಾರರನ್ನು ಮಾತ್ರ ಕುರಿ ಅಟ್ಟಿದಂತೆ ಶಾಲೆಯ ಕೋಣೆಗೆ ಅಟ್ಟಿದ. ಮೋಹನನೂ ಬೈಯುತ್ತಲೇ ಹಿಂದೆ ಬಂದ.

"ನನ್ನ ದಮ್ಮು ಬೇಡ, ಆತು," ಎಂದ ಹಮ್ಮ. "ಪ್ರವೀಣ ಅಳೀಲಿ. ರೈಡು ಬೇಕಾದ್ದು ಅವನಿಗೇ ಅಲ್ವಾ."

ಎಲ್ಲರ ಕಣ್ಣು ಕಿಟಕಿಯತ್ತ. ಮಿಂಚಿತು. ಪ್ರವೀಣ ಶುರುಮಾಡಿದ. ನಡುವೆ ಉಸಿರು ಬಿಟ್ಟು, ಮುಗಿಯಿತು ಎಂದಿದ್ದರೆ ಕೇಳುವವರಿರಲಿಲ್ಲ. ಅವನು ಬಿಡಲಿಲ್ಲ. ಹತ್ತು ಕಬಡ್ಡಿ, ಹನ್ನೊಂದು, ಹನ್ನೆರಡು. ಹೊರಗೆ ಜನ ಕೂತಿದ್ದ ಕಬ್ಬಿಣದ ಕಂಬದ ತಗಡಿನ ಚಪ್ಪರ ನಡುಗುವಂತೆ ಗುಡುಗಿತು.

"ದಮ್ಮು ಇನ್ನೂ ಇದೆ, ಹಮ್ಮಣ್ಣ," ಎಂದ, ತಲೆ ತಗ್ಗಿಸಿ.

ಮೋಹನ ಬಾಗಿಲಿಗೆ ಹೋಗಿ, ಚಪ್ಪರದಡಿ ಕೂತವರನ್ನೆಲ್ಲ ತಾನೇ ಕೂಗಿ ಕರೆದ.

ಕೊನೆಯ ಗುಡುಗಿನಿಂದ ಅರ್ಧ ತಾಸು ಕಾದು ಹೊರಬಂದಾಗ ಅತಿಥಿಗಳಿರಲಿಲ್ಲ. ಜನ ನಲವತ್ತೋ ಐವತ್ತೋ. ಮೋಹನ ಸೀಟಿ ವಾಪಸು ಕೊಟ್ಟ. ಪ್ರವೀಣ ರೈಡಿಗೆ ಹೋದ, ವಾಪಸು ಬರುವಾಗ ನಡುಗೆರೆ ಗೇಣುದ್ದ ದೂರವಿರುವಂತೆ ಸಿಕ್ಕಿಬಿದ್ದ, ಸೋತ. ಮಣ್ಣು ಕೊಡವುತ್ತ ನಕ್ಕುಬಿಟ್ಟ.

"ಮುಂದಿನ ವರ್ಷ ನಿನ್ನ ಕರೆಯೋದು ಕಮಿಟಿಗೆ ಬಿಟ್ಟದ್ದು, ನೋಡು," ಎಂದ ಮೋಹನ, ಬಿಗುಮಾನ ಪೂರ್ತಿ ಬಿಡದೆ.

ಹಮ್ಮ ಟವೆಲ್ ಹೆಗಲಿಗೆ ಹಾಕಿದ. ಗೇಟಿನಲ್ಲಿ ಈರ ಕಾಯುತ್ತಿದ್ದ.

"ಕರೀರಿ, ಬಿಡ್ರಿ. ಆದ್ರೆ ಆ ಕಬ್ಬಿಣದ ಕಂಬದ ಚಪ್ಪರ ಮಾತ್ರ ಬೇಡ," ಎನ್ನುತ್ತಲೇ ಅವನು ಈರನ ಬಲಕ್ಕೆ ಸುತ್ತಿ ಬಂದು, ರಸ್ತೆ ಹಿಡಿದ.