ಚೌಕಳಿ ಲುಂಗಿಯ ಗೆರೆಗಳು

ಸ್ಕೇಲು ಸೊಟ್ಟಗೆ ಕಂಡಿತು.

ಹರಿಹರದ ನಮ್ಮ ಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ, ರವಿಕೆ ಬಟ್ಟೆಯ ಮೇಲೆ ಗೆರೆ ಎಳೆಯಲು ಕೂತಿದ್ದೆ. ಮರದ ಸ್ಕೇಲಿನ ನಡು ಬಾಗಿತ್ತು. ಬಿಸಿಲಿಗೆ ಇಟ್ಟು ಹಾಳು ಮಾಡಿದ್ದೀರಿ ಎಂದು ನಮ್ಮವರ ಮೇಲೆ ರೇಗಿದೆ. ಸೈಕಲ್ ಷಾಪಿಗೆ ಹೊರಟಿದ್ದವರು ಸ್ಕೇಲನ್ನು ಗೋಡೆಗೆ ಒತ್ತಿ ನೋಡಿ ನಕ್ಕರು.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತೆ. ನೆಟ್ಟಗೈತೆ ನೋಡೆ."

ಮೈ ಉರಿಯಿತು. ಚಿಕ್ಕಂದಿನಿಂದ ಸೋಡಾಬುಡ್ಡಿ ಎಂದೇ ಕರೆಸಿಕೊಂಡವಳು ನಾನು, ನಿಜ. ಆದರೆ ಕನ್ನಡಕ ತೆಗೆದು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಎಳೆ ಎಳೆಯೂ ಕಾಣುತ್ತಿತ್ತು. ಓಣಿಯ ಮುದುಕಿಯರೆಲ್ಲ ಸೂಜಿಗೆ ದಾರ ಪೋಣಿಸಿಕೊಳ್ಳಲು ನನ್ನ ಬಳಿಗೇ ಬರುತ್ತಿದ್ದರು. ಅಂಥವಳಿಗೆ ಕಣ್ಣಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು.

ಎಡಗಣ್ಣು ಮುಚ್ಚಿ ನೋಡಿದೆ. ಸ್ಕೇಲು ಸೊಟ್ಟ. ಕಿಟಕಿಯ ಸರಳು ಸೊಟ್ಟ. ಬಾಗಿಲೂ ಸೊಟ್ಟ. ಬಲಗಣ್ಣು ಮುಚ್ಚಿದೆ. ಎಲ್ಲವೂ ನೆಟ್ಟಗೆ.

ನಮ್ಮವರ ನಗು ನಿಂತಿತು.

ದಾವಣಗೆರೆಯ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಲೈಟು ಬಿಟ್ಟು ಎರಡೂ ಕಣ್ಣು ನೋಡಿದರು. ಆಮೇಲೆ, "ಆಂಜಿಯೋಗ್ರಾಂ ಮಾಡಾಣ್ರಿ. ಕೈಗೆ ಇಂಜೆಕ್ಷನ್, ಕಣ್ಣಿಗೆ ಫೋಟೋ. ಹೆದರಬ್ಯಾಡ್ರಿ," ಎಂದರು. ಆ ಕ್ಯಾಮೆರಾ ಅಲ್ಲಿಗೆ ಹೊಸದಾಗಿ ಬಂದಿತ್ತು. ಗಲ್ಲ ಊರಿ ಕೂತೆ. ಹಳದಿ ಬಣ್ಣ ಕೈಯ ನರಕ್ಕೆ ಇಳಿಯಿತು. ನೀಲಿ ಬೆಳಕು ಕಣ್ಣಿಗೆ ಹೊಡೆಯಿತು, ಮತ್ತೆ ಮತ್ತೆ ಹೊಡೆಯಿತು. ವಾಪಸ್ಸು ಬರುವಾಗ ಬಾತಿ ಊರಿನ ಹತ್ತಿರ ಬಸ್ಸಿನಲ್ಲೇ ಕೈ ನೋಡಿಕೊಂಡೆ. ಅರಿಶಿನ ಹಚ್ಚಿದ ಮದುಮಗಳ ಕೈ. ಮನೆಯಲ್ಲಿ ಮಗಳು ನಸೀಮಾ ನನ್ನ ಹಳದಿ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು. ಅವಳಿಗಿನ್ನೂ ಹತ್ತು ವರ್ಷ. ಮೂಗಿನ ಮೇಲೆ ನನ್ನಂಥದೇ ದಪ್ಪ ಕನ್ನಡಕ.

ಫಿಲ್ಮು ತೊಳೆದ ಮೇಲೆ ಡಾಕ್ಟರು ಕರೆದು ತೋರಿಸಿದರು. ಕಪ್ಪು ಬಿಳುಪಿನ ನನ್ನ ಬಲಗಣ್ಣು. ಮೊದಲ ಫೋಟೋದ ನಡುವೆ ಒಂದು ಬಿಳಿ ಚುಕ್ಕೆ. ಮುಂದಿನದರಲ್ಲಿ ಅಗಲ. ಅದರ ಮುಂದಿನದರಲ್ಲಿ ಇನ್ನೂ ಅಗಲ, ಬಟ್ಟೆಯ ಮೇಲೆ ಎಣ್ಣೆ ಹರಡಿದ ಹಾಗೆ.

"ಮೈನಸ್ ಪವರ್ ಹೆಚ್ಚಿದ್ದೋರ ಕಣ್ಣು ಉದ್ದಕ್ಕೆ ಬೆಳದಿರ್ತೈತ್ರಿ. ಹಿಂದಿನ ಪರದೆ ಜಗ್ಗಿ ಬಿರುಕು ಬಿಡ್ತೈತೆ. ಆ ಬಿರುಕಿನಾಗೆ ಹುಟ್ಟಬಾರದ ರಕ್ತನಾಳ ಹುಟ್ಟಿ ಸೋರ್ತಾ ಅದಾವೆ."

"ಲೇಸರ್ ಅಂತಾರಲ್ರಿ, ಅದ್ರಾಗೆ ಸುಡಾಕ ಆಗಲ್ವಾ?" ಎಂದು ನಮ್ಮವರು ಕೇಳಿದರು.

"ನೋಟದ ನಟ್ಟನಡುವೆ ಐತ್ರಿ. ಸುಟ್ರೆ ನೋಟಾನೇ ಸುಡ್ತೈತೆ."

ಜಗ್ಗಿ ತೆಳುವಾದ ಬಟ್ಟೆಯ ಗತಿ ನನಗೆ ಗೊತ್ತು. ಅದರಲ್ಲಿ ಹೊಲಿಗೆ ನಿಲ್ಲುವುದಿಲ್ಲ.

ಎಡಗಣ್ಣಿನಲ್ಲೂ ಬಿರುಕಿದೆ, ಇನ್ನೂ ಸೋರಿಲ್ಲ ಎಂದರು. ದಿನವೂ ಬಲಗಣ್ಣು ಮುಚ್ಚಿಕೊಂಡು ಚೌಕಳಿ ಇರುವುದು ಏನನ್ನಾದರೂ ನೋಡಬೇಕಂತೆ. ಗೆರೆ ಬಾಗಿದರೆ ಅಂದೇ ಓಡಿ ಬರಬೇಕಂತೆ. "ನನ್ನ ಲುಂಗಿ ಐತಲ್ರಿ," ಎಂದರು ನಮ್ಮವರು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ನೋಡನೋಡುತ್ತ ಬಲಗಣ್ಣಿನ ನಡುವೆ ಕಪ್ಪು ಕಟ್ಟಿತು. ಹಾಳಾದ್ದು, ಒಂದು ಕಡೆ ನಿಲ್ಲುವುದಿಲ್ಲ. ಯಾರನ್ನು ನೋಡುತ್ತೇನೋ ಅವರ ಮುಖದ ಮೇಲೇ ಹೋಗಿ ಕೂರುತ್ತದೆ. ಎಡಗಣ್ಣು ಮುಚ್ಚಿದರೆ ನಸೀಮಾಳ ಎರಡು ಜಡೆ ಇವೆ. ಫ್ರಾಕಿನ ಕಾಲರ್ ಇದೆ.

ನಡುವೆ ಮಗಳಿಲ್ಲ.

ಇನ್ನೊಂದು ಕಣ್ಣೂ ಹೀಗಾದರೆ ಅವಳು ದೊಡ್ಡವಳಾಗುವುದನ್ನು ನಾನು ನೋಡಲಾರೆ. ಈ ಹೆದರಿಕೆ ಹಗಲೆಲ್ಲ ನನ್ನ ಹಿಂದೆಯೇ ತಿರುಗುತ್ತದೆ, ಮಿಷನ್ ತುಳಿಯುವಾಗಲೂ, ರೊಟ್ಟಿ ತಟ್ಟುವಾಗಲೂ. ಬೆಳಗಾದರೆ ಅಂಗಳದ ತಂತಿಯ ಮೇಲಿನ ಲುಂಗಿಯ ಮುಂದೆ ನಿಂತು, ಬಿಸ್ಮಿಲ್ಲಾ ಅಂದು, ಅಂಗೈಯಿಂದ ಬಲಗಣ್ಣು ಮುಚ್ಚುತ್ತೇನೆ.

ಹೋದ ವಾರ ಗೆರೆ ಬಾಗಿತು.

"ಯಾ ಅಲ್ಲಾ!" ಎಂದು ಕಿರುಚಿದೆ. ನಮ್ಮವರು ಓಡಿ ಬಂದರು.

"ಈ ಗೆರೆ ನಿಮಗೂ ಸೊಟ್ಟ ಕಾಣ್ತೈತೇನ್ರಿ? ಸುಳ್ಳು ಹೇಳಬ್ಯಾಡ್ರಿ."

"ಕಾಣ್ತೈತೆ. ಬಟ್ಟೇನೇ ಸೊಟ್ಟ ಐತಲ್ಲೇ."

ನಂಬಲಿಲ್ಲ. ನನ್ನ ಸಮಾಧಾನಕ್ಕೆ ಏನು ಬೇಕಾದರೂ ಹೇಳುವ ಮನುಷ್ಯ ಅವರು. ಕಣ್ಣು ಮುಚ್ಚಿ ಬೆರಳಾಡಿಸಿದೆ. ಗಂಟು ಗಂಟಾದ ಹೊಲಿಗೆ ಸಿಕ್ಕಿತು. ಯಾರೋ ಹರುಕನ್ನು ಜಗ್ಗಿ ಹೊಲಿದಿದ್ದರು.

"ನಾನೇ ಹೊಲಿದೆ ಅಮ್ಮೀ," ಹಿಂದಿನಿಂದ ನಸೀಮಾಳ ಸಣ್ಣ ದನಿ. "ನಿನ್ನ ಕಣ್ಣಿಗೆ ತ್ರಾಸು ಬ್ಯಾಡ ಅಂತ."

"ಇದು ಹೊಲಿಗೇನೇ? ನನ್ನ ಜೀವಾನೇ ಹೋಗಿತ್ತು!" ಎಂದು ಬೈಯುತ್ತಲೇ ಅವಳನ್ನು ಅಪ್ಪಿಕೊಂಡು ಅತ್ತೆ.

ಎಡಗಣ್ಣು ಇವತ್ತಿಗೆ ಇದೆ. ನಾಳೆಯದು ಗೊತ್ತಿಲ್ಲ. ಇವತ್ತಿನದಕ್ಕೆ ಅಲ್ಲಾಹನಿಗೆ ಶುಕ್ರ್ ಹೇಳುತ್ತೇನೆ.

ಈ ಬೆಳಿಗ್ಗೆ ಅಂಗಳಕ್ಕೆ ಬಂದರೆ ನಸೀಮಾ ನನಗಿಂತ ಮೊದಲೇ ಲುಂಗಿಯ ಮುಂದೆ ನಿಂತಿದ್ದಳು. ಕನ್ನಡಕದ ಒಂದು ಗಾಜಿನ ಮೇಲೆ ಅಂಗೈ. ನಾನು ಹೇಳಿಕೊಟ್ಟಿರಲಿಲ್ಲ. ಏನೇ ಮಾಡ್ತಿ ಎಂದು ಕೇಳುವ ಮೊದಲೇ ಅವಳು ಕೈ ಬದಲಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿದಳು.

"ನೆಟ್ಟಗೈತೆ ಅಮ್ಮೀ," ಎಂದು ಪಕ್ಕಕ್ಕೆ ಸರಿದಳು. "ಈಗ ನೀನು ನೋಡು."